ಟಿಕೆಟ್ ಹಿಂದಿನ ಚಿಲ್ಲರೆ: ಇಂಗ್ಲೆಂಡಿನಲ್ಲಿ ಆಸ್ಪತ್ರೆಗೆ ಹೋದ ಬಸ್ ಚಾರ್ಜು ವಾಪಸ್ ಪಡೆಯುವ ಯೋಜನೆ, ಒಂದು ವರ್ಷ ಬಳಸಿದ ಮೇಲೆ

ನಮ್ಮಪ್ಪ ಹಾಸನದ ಕಡೆ ಕೆಎಸ್‌ಆರ್‌ಟಿಸಿ ಕಂಡಕ್ಟರ್ ಆಗಿದ್ದರು. ಚಿಲ್ಲರೆ ಇಲ್ಲದಿದ್ದರೆ ಟಿಕೆಟ್ಟಿನ ಹಿಂದೆ ಪೆನ್ನಿನಲ್ಲಿ ಬಾಕಿ ಬರೆದು ಕೊಡುತ್ತಿದ್ದರು. ಇಳಿಯುವಾಗ ಕೇಳಿ ಇಸಿದುಕೊಳ್ಳಬೇಕು. ಎಷ್ಟೋ ಜನ ಮರೆತು ಇಳಿದುಬಿಡುತ್ತಿದ್ದರಂತೆ. ಇನ್ನು ಕೆಲವರಿಗೆ ನೆನಪಿರುತ್ತಿತ್ತು, ಆದರೆ ಎಂಟು ರೂಪಾಯಿ ಕೇಳೋದಕ್ಕೆ ನಾಚಿಕೆ. ನಾವು ಚಿಕ್ಕವರಿದ್ದಾಗ ಅಪ್ಪ ಹೇಳುತ್ತಿದ್ದದ್ದು ಒಂದೇ: "ಬರ್ಕೊಟ್ಟಿರೋದು ನಿನ್ ದುಡ್ಡು ಕಣಮ್ಮಾ. ಕಂಡಕ್ಟರ್ ತಾನಾಗೇ ನಿನ್ ಹಿಂದೆ ಓಡ್ಬರಲ್ಲ."

ನಾನೀಗ ಇರುವ ಇಂಗ್ಲೆಂಡಿನ ಎನ್‌ಎಚ್‌ಎಸ್, ಅಂದರೆ ಸರ್ಕಾರಿ ಆಸ್ಪತ್ರೆಗಳಲ್ಲಿ ಒಂದು ಯೋಜನೆ ಇದೆ. ಹೆಸರು ಹೆಲ್ತ್‌ಕೇರ್ ಟ್ರಾವೆಲ್ ಕಾಸ್ಟ್ಸ್ ಸ್ಕೀಮ್. ಆದಾಯ ಕಡಿಮೆ ಇದ್ದವರು ಆಸ್ಪತ್ರೆಗೆ ಹೋಗಿ ಬಂದ ಖರ್ಚನ್ನು ವಾಪಸ್ ಕೇಳಬಹುದು. ಒಂದು ವರ್ಷ ಇದನ್ನು ಬಳಸಿದ್ದೇನೆ. ಇದು ಥೇಟ್ ಆ ಟಿಕೆಟ್ ಹಿಂದಿನ ಚಿಲ್ಲರೆಯೇ. ಒಂದೇ ವ್ಯತ್ಯಾಸ, ಇಲ್ಲಿ ಬಾಕಿ ಇದೆ ಅಂತ ಯಾರೂ ಬರೆದುಕೊಡುವುದಿಲ್ಲ.

ನಾನು, ನನ್ನ ಮಗ ಇಬ್ಬರೇ ಇರೋದು. ಮಿಡ್‌ಲ್ಯಾಂಡ್ಸ್ ಕಡೆಯ ಒಂದು ಸಣ್ಣ ಊರು. ನಾನು ಪ್ರೈಮರಿ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತೇನೆ, ಜೊತೆಗೆ ಸಂಜೆ ಸ್ವಲ್ಪ ಕ್ಲೀನಿಂಗ್. ಅದು ಸಾಲದ್ದಕ್ಕೆ ಯೂನಿವರ್ಸಲ್ ಕ್ರೆಡಿಟ್ ಅಂತ ಸರ್ಕಾರದ ಸಹಾಯಧನ ಬರುತ್ತದೆ. ಮಗನಿಗೆ ಏಳು ವರ್ಷ. ಹೋದ ವರ್ಷ ಶುರುವಿನಲ್ಲಿ ಎಲ್ಲದಕ್ಕೂ "ಏನು?" ಅನ್ನೋಕೆ ಶುರು ಮಾಡಿದ. ಟಿವಿ ಸೌಂಡು ಜಾಸ್ತಿ ಮಾಡುತ್ತಿದ್ದ. ಮಾತು ಕೇಳದ ವಯಸ್ಸು ಅಂದುಕೊಂಡು ಎರಡು ಸಲ ಬೈದೂಬಿಟ್ಟೆ. ಆಮೇಲೆ ಟೀಚರ್ ಕರೆದು ಹೇಳಿದರು, ಹಿಂದಿನಿಂದ ಕರೆದರೆ ಇವನು ತಿರುಗೋದೇ ಇಲ್ಲ ಅಂತ. ಜಿಪಿ, ಅಂದರೆ ನಾವು ಮೊದಲು ತೋರಿಸಿಕೊಳ್ಳುವ ನಮ್ಮೂರಿನ ಡಾಕ್ಟರು, ನೋಡಿ ಗ್ಲೂ ಇಯರ್ ಇರಬಹುದು ಅಂದರು. ಕಿವಿಯ ತಮಟೆ ಹಿಂದೆ ಅಂಟು ಅಂಟಾದ ನೀರು ತುಂಬಿಕೊಳ್ಳೋದು. ಮಕ್ಕಳಲ್ಲಿ ತುಂಬಾ ಸಾಮಾನ್ಯವಂತೆ, ಎಷ್ಟೋ ಸಲ ತಾನಾಗೇ ಹೋಗುತ್ತದಂತೆ. ಆದರೂ ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರು. ಮಾರ್ಚ್ 11ಕ್ಕೆ ಮೊದಲ ಅಪಾಯಿಂಟ್‌ಮೆಂಟ್.

ಆಸ್ಪತ್ರೆ ಇರುವುದು ದೊಡ್ಡ ಊರಿನ ಆಚೆ ತುದಿಯಲ್ಲಿ. ನಮ್ಮಲ್ಲಿ ಕಾರಿಲ್ಲ. ಎರಡು ಬಸ್ಸು ಹತ್ತಬೇಕು. ಇಂಗ್ಲೆಂಡಿನಲ್ಲಿ ಬಸ್ಸಿನ ಒಂದು ಪ್ರಯಾಣಕ್ಕೆ ಹೆಚ್ಚೆಂದರೆ 2 ಪೌಂಡ್ ಅಂತ ಇತ್ತು. 2025ರ ಜನವರಿಯಿಂದ ಅದು 3 ಪೌಂಡ್ ಆಯಿತು. ಹೋಗೋದಕ್ಕೆ ಎರಡು ಬಸ್ಸು, ಬರೋದಕ್ಕೆ ಎರಡು: ನನಗೆ 12 ಪೌಂಡ್. ಮಗನಿಗೆ ಅರ್ಧ ಟಿಕೆಟ್ಟು, 6 ಪೌಂಡ್. ಒಟ್ಟು 18. ನಮ್ಮೂರಿನ ಲೆಕ್ಕಕ್ಕೆ ತಿರುಗಿಸಬೇಡಿ, ಎದೆ ಧಸಕ್ ಅನ್ನುತ್ತದೆ. ನಾನು ತಿರುಗಿಸಿ ನೋಡಿದ್ದೇನೆ. ನಮ್ಮ ಮನೆಯಲ್ಲಿ 18 ಪೌಂಡ್ ಅಂದರೆ ನಾಲ್ಕು ದಿನದ ಊಟ.

ಮಾರ್ಚಿನಲ್ಲಿ ಈ ಯೋಜನೆಯ ಹೆಸರೇ ಗೊತ್ತಿರಲಿಲ್ಲ. ಬಂದ ಪತ್ರದಲ್ಲಿ ಪಾರ್ಕಿಂಗ್ ಬಗ್ಗೆ ಅರ್ಧ ಪುಟ ಇತ್ತು, ಕ್ಯಾಂಟೀನ್ ಬಗ್ಗೆ ಇತ್ತು, ಇದರ ಬಗ್ಗೆ ಕಣ್ಣಿಗೆ ಬೀಳುವಂಥದ್ದು ಏನೂ ಇರಲಿಲ್ಲ. ಕಿವಿ ಪರೀಕ್ಷೆ ಮಾಡಿದರು, ಮೂರು ತಿಂಗಳು ಕಾದು ನೋಡೋಣ ಅಂದರು, ಬಂದೆವು.

ಎರಡನೇ ಸಲ ಹೋಗಿದ್ದು ಜೂನ್ 5ಕ್ಕೆ. ಆವತ್ತು ಲಿಫ್ಟ್ ಕೆಟ್ಟಿತ್ತು. ಮೆಟ್ಟಿಲು ಹತ್ತುವಾಗ ಗೋಡೆ ಮೇಲೆ ಒಂದು ಹಳೆ ಪೋಸ್ಟರ್ ಕಂಡಿತು. ಲಿಫ್ಟ್ ಸರಿ ಇದ್ದಿದ್ದರೆ ಇವತ್ತಿಗೂ ನನಗೆ ಗೊತ್ತಾಗುತ್ತಿರಲಿಲ್ಲವೋ ಏನೋ.

ರಿಸೆಪ್ಷನ್‌ನಲ್ಲಿ ಕೇಳಿದೆ. ಆ ಹುಡುಗಿಗೆ ಗೊತ್ತಿಲ್ಲ. ಪಕ್ಕದವಳನ್ನು ಕೇಳಿದಳು, ಅವಳಿಗೂ ಗೊತ್ತಿಲ್ಲ. ನಾನೇ ಏನೋ ಧರ್ಮಕ್ಕೆ ಕೇಳುತ್ತಿದ್ದೇನೆ ಅನ್ನುವ ಹಾಗೆ ಆಯಿತು. ಹಿಂದೆ ನಾಲ್ಕು ಜನ ಕ್ಯೂನಲ್ಲಿ. ಹೋಗಲಿ ಬಿಡು ಅಂತ ಕಾಲು ತಿರುಗಿತ್ತು. ಆಗ ಅಲ್ಲೇ ನೆಲ ಒರೆಸುತ್ತಿದ್ದವರೊಬ್ಬರು ಹೇಳಿದರು: ಮೇನ್ ಬಿಲ್ಡಿಂಗ್, ನೆಲಮಹಡಿ, ಕ್ಯಾಷಿಯರ್ ಅಂತ ಬೋರ್ಡ್ ಇದೆ, ಬ್ಲಡ್ ಟೆಸ್ಟ್ ರೂಮಿನ ಪಕ್ಕ. ಯಾವ ಆಸ್ಪತ್ರೆಗೆ ಹೋದರೂ ದಾರಿ ಗೊತ್ತಿರೋದು ಇವರಿಗೇ.

ಕ್ಯಾಷಿಯರ್ ಕಿಟಕಿಯ ಹಿಂದೆ ಇದ್ದವರು ಅರವತ್ತರ ಹತ್ತಿರದ ಹೆಂಗಸು. "ಏನಾಗ್ಬೇಕು ಮೀ ಡಕ್?" ಅಂದರು. ಈ ಕಡೆ ಪ್ರೀತಿಗೆ ಎಲ್ಲರನ್ನೂ ಬಾತುಕೋಳಿ ಅನ್ನುತ್ತಾರೆ, ಬೇಜಾರು ಮಾಡಿಕೊಳ್ಳಬಾರದು. ಅವರಿಗೆ ಬೇಕಾಗಿದ್ದು ಮೂರೇ: ಅಪಾಯಿಂಟ್‌ಮೆಂಟ್ ಪತ್ರ, ಬಸ್ ಟಿಕೆಟ್, ಯೂನಿವರ್ಸಲ್ ಕ್ರೆಡಿಟ್ ಬರುತ್ತಿದೆ ಅನ್ನೋದಕ್ಕೆ ಪುರಾವೆ. ಫೋನಿನಲ್ಲಿ ನನ್ನ ಕ್ರೆಡಿಟ್ ಖಾತೆ ತೆಗೆದು ತೋರಿಸಿದೆ. ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ನಾವಿನ್ನೂ ವಾಪಸ್ ಹೋಗಿರಲೇ ಇಲ್ಲ, ಆದರೂ ಹೋಗೋ ಬರೋ ಎರಡೂ ಸೇರಿಸಿ 18 ಪೌಂಡ್ ಕೈಗೆ ಎಣಿಸಿದರು. ಐದು ನಿಮಿಷ ಅಷ್ಟೆ. ನಾನು ಬೆಪ್ಪಾಗಿ ನಿಂತಿದ್ದೆ.

ಆಮೇಲೆ ಅವರೇ ಕೇಳಿದರು, ಇದಕ್ಕೆ ಮುಂಚೆ ಬಂದಿದ್ದಿರಾ ಅಂತ. ಮಾರ್ಚಿನಲ್ಲಿ ಬಂದಿದ್ದೆ ಅಂದೆ. ಅಪಾಯಿಂಟ್‌ಮೆಂಟ್ ಆದ ಮೂರು ತಿಂಗಳ ಒಳಗೆ ಕೇಳಬಹುದು, ನಿಮಗಿನ್ನೂ ಆರು ದಿನ ಇದೆ ಅಂತ ಎಚ್‌ಸಿ5(ಟಿ) ಅನ್ನುವ ಫಾರಂ ಕೊಟ್ಟರು. ಅದನ್ನು ತುಂಬಿ ಅದರಲ್ಲೇ ಇರುವ ವಿಳಾಸಕ್ಕೆ ಪೋಸ್ಟ್ ಮಾಡಬೇಕು. "ಆದ್ರೆ ಟಿಕೆಟ್ ಎಲ್ಲಿ ಇಟ್ಕೊಂಡಿರ್ತೀರ" ಅಂತ ಅವರೇ ಪೇಚಾಡಿದರು.

ನಾನು ಕಂಡಕ್ಟರ್ ಮಗಳು. ಚೆಕಿಂಗ್‌ನವರು ಹತ್ತುವ ಭಯದಲ್ಲೇ ಬೆಳೆದವಳು. ಟಿಕೆಟ್ ಬಿಸಾಡಿ ಗೊತ್ತೇ ಇಲ್ಲ. ಮನೆಗೆ ಬಂದು ಮಾರ್ಚಿನ ಪತ್ರದ ಕವರ್ ಬಿಚ್ಚಿದರೆ ಎಂಟೂ ಟಿಕೆಟ್ ಒಳಗೇ ಇದ್ದವು. ಮರುದಿನವೇ ಪೋಸ್ಟ್ ಮಾಡಿದೆ. ದುಡ್ಡು ಬಂತು.

ಇಲ್ಲಿಯವರೆಗೆ ಕೇಳಿದರೆ ಐದಕ್ಕೆ ಐದು ಕೊಡಬೇಕು ಅನ್ನಿಸುತ್ತದೆ. ಸ್ವಲ್ಪ ತಡೆಯಿರಿ.

ಸೆಪ್ಟೆಂಬರಿನಲ್ಲಿ ಇಎನ್‌ಟಿ ಡಾಕ್ಟರನ್ನು ನೋಡಲು ಹೋದಾಗ ಕೈಯಲ್ಲಿ ಚಿಲ್ಲರೆ ಇಲ್ಲ ಅಂತ ಕಾರ್ಡ್ ಮುಟ್ಟಿಸಿ ಬಸ್ ಹತ್ತಿದೆ. ಮೆಷಿನ್ ಕುಂಯ್ ಅಂತು, ಟಿಕೆಟ್ ಬರಲಿಲ್ಲ. ಕಿಟಕಿಯಲ್ಲಿ ಆವತ್ತು ಬೇರೆ ಯಾರೋ ಹುಡುಗ. ರಸೀದಿ ಇಲ್ಲದೆ ಆಗಲ್ಲ ಅಂದ. ಬ್ಯಾಂಕ್ ಆಪ್ ತೋರಿಸಿದರೆ ಅದು "ಬಾಕಿ ಇದೆ" ಅಂತ ತೋರಿಸುತ್ತಿದೆ, ಮೊತ್ತ ಇನ್ನೂ ಇಳಿದಿಲ್ಲ. ಕೊನೆಗೆ ಎರಡು ದಿನ ಬಿಟ್ಟು ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆಸಿ ಮತ್ತೆ ಫಾರಂ, ಮತ್ತೆ ಪೋಸ್ಟು. ಪ್ರಿಂಟ್‌ಗೆ ಲೈಬ್ರರಿಯಲ್ಲಿ ಕಾಸು, ಕವರಿಗೆ ಕಾಸು, ಸ್ಟಾಂಪಿಗೆ ಕಾಸು. ಅದನ್ನೆಲ್ಲ ಯಾರೂ ಕೊಡಲ್ಲ. ಈಗ ಹತ್ತುವಾಗಲೇ ಡ್ರೈವರ್ ಹತ್ತಿರ ಪೇಪರ್ ಟಿಕೆಟ್ ಕೇಳಿ ಪಡೆಯುತ್ತೇನೆ. ಒಬ್ಬೊಬ್ಬರು ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ.

ಇನ್ನೊಂದು, ಆ ಕಿಟಕಿ ನಾಲ್ಕು ಗಂಟೆಗೆ ಮುಚ್ಚುತ್ತದೆ. ಮಕ್ಕಳ ವಿಭಾಗದಿಂದ ಅಲ್ಲಿಗೆ ಹತ್ತು ನಿಮಿಷದ ನಡಿಗೆ. ಮೂರೂವರೆ ಅಪಾಯಿಂಟ್‌ಮೆಂಟ್ ಸಿಕ್ಕಿದರೆ ಮುಗೀತು ಕಥೆ. ನಾನೀಗ ಮೊದಲು ಕಿಟಕಿಗೆ ಹೋಗಿ ಆಮೇಲೆ ಡಾಕ್ಟರ ಹತ್ತಿರ ಹೋಗಲು ನೋಡಿದ್ದೂ ಉಂಟು. "ತೋರಿಸಿಕೊಂಡು ಬಾ" ಅಂತ ಕಳಿಸಿದರು. ಬಂದೇ ಇಲ್ಲದವರಿಗೆ ಹೇಗೆ ಕೊಡ್ತಾರೆ, ಅವರು ಹೇಳೋದೂ ಸರಿ ಅನ್ನಿ.

ನಿಜವಾದ ಪೆಟ್ಟು ಬಿದ್ದಿದ್ದು ಡಿಸೆಂಬರಿನಲ್ಲಿ. ಆಪರೇಷನ್‌ಗೆ ಮುಂಚಿನ ತಪಾಸಣೆಗೆ ಕರೆದಿದ್ದರು. ಕಿವಿಯಲ್ಲಿ ಗ್ರಾಮೆಟ್ ಅಂತ ಚಿಕ್ಕ ಕೊಳವೆ ಇಡೋದು ಅಂತ ಆಗಿತ್ತು. ನಿಯಮ ಹೀಗಿದೆ: ಯೂನಿವರ್ಸಲ್ ಕ್ರೆಡಿಟ್ ಇದ್ದ ಮಾತ್ರಕ್ಕೆ ಸಾಲದು. ಅದರ ಹಿಂದಿನ ಒಂದು ತಿಂಗಳ ಲೆಕ್ಕದಲ್ಲಿ ಕೈಗೆ ಬಂದ ಸಂಬಳ 435 ಪೌಂಡ್ ಮೀರಿರಬಾರದು. ಮಗು ಇದ್ದು ಅದರ ಪಾಲೂ ಕ್ರೆಡಿಟ್‌ನಲ್ಲಿ ಸೇರಿದ್ದರೆ 935ರ ತನಕ ಬಿಡುತ್ತಾರೆ. ಕಾಯಿಲೆಯಿಂದ ಕೆಲಸ ಮಾಡಲಾಗದವರಿಗೂ ಅಷ್ಟೇ. ನನ್ನದು ಯಾವಾಗಲೂ 935ರ ಒಳಗೇ ಇರುತ್ತಿತ್ತು. ನವೆಂಬರಿನಲ್ಲಿ ಅಡುಗೆಮನೆಯಲ್ಲಿ ಒಬ್ಬರು ರಜೆ ಹಾಕಿದರು, ನಾನು ನಾಲ್ಕು ದಿನ ಜಾಸ್ತಿ ಹೋದೆ. ಕ್ರಿಸ್ಮಸ್ ಹತ್ತಿರ ಬಂತು, ಮಗನಿಗೆ ಒಂದು ಜಾಕೆಟ್ ತೆಗೆಯೋಣ ಅಂತ. ಕೈಗೆ ಬಂದದ್ದು 961. 26 ಪೌಂಡ್ ಜಾಸ್ತಿ ಆದದ್ದಕ್ಕೆ ಆ ಸಲದ 18 ಪೌಂಡ್ ಪೂರ್ತಿ ಕೈಬಿಟ್ಟಿತು. ಸ್ವಲ್ಪ ಸ್ವಲ್ಪ ಕಡಿಮೆ ಆಗೋದಲ್ಲ ಇದು, ಗೆರೆ ದಾಟಿದರೆ ಸೊನ್ನೆ. ಕ್ರೆಡಿಟ್ ದುಡ್ಡನ್ನಾದರೂ ಸಂಬಳ ಏರಿದ ಹಾಗೆ ಇಷ್ಟಿಷ್ಟೇ ಇಳಿಸುತ್ತಾರೆ. ಬಸ್ ಚಾರ್ಜಿಗೆ ಆ ಮರ್ಯಾದೆಯೂ ಇಲ್ಲ. ಯೋಜನೆ ಮಾಡಿದವರು ಯಾರೋ ಗೊತ್ತಿಲ್ಲ, ಆದರೆ ತಿಂಗಳಿಗೊಂದು ಥರ ಸಂಬಳ ಬರುವವರ ಮನೆಯಲ್ಲಿ ಅವರು ಇದ್ದವರಲ್ಲ.

ಆಗ ಬಾತುಕೋಳಿ ಅಮ್ಮನೇ ಮತ್ತೆ ದಾರಿ ತೋರಿಸಿದರು. ಕ್ರೆಡಿಟ್ ದಾರಿ ಮುಚ್ಚಿದರೆ ಇನ್ನೊಂದು ಬಾಗಿಲಿದೆ, ಎನ್‌ಎಚ್‌ಎಸ್ ಲೋ ಇನ್‌ಕಮ್ ಸ್ಕೀಮ್. ಎಚ್‌ಸಿ1 ಅನ್ನುವ ಅರ್ಜಿ. ಬಾಡಿಗೆ, ಸಂಬಳ, ಉಳಿತಾಯ ಎಲ್ಲ ಕೇಳುತ್ತಾರೆ. ಉಳಿತಾಯ 16,000 ಪೌಂಡ್ ಮೀರಿದ್ದರೆ ಆಗಲ್ಲ. ಅಷ್ಟಿದ್ದಿದ್ದರೆ ನಾನು ಟ್ಯಾಕ್ಸಿಯಲ್ಲೇ ಓಡಾಡುತ್ತಿದ್ದೆ. ಲೆಕ್ಕ ಹಾಕಿ ಎರಡರಲ್ಲಿ ಒಂದು ಸರ್ಟಿಫಿಕೇಟ್ ಕಳಿಸುತ್ತಾರೆ. ಎಚ್‌ಸಿ2 ಬಂದರೆ ಪೂರ್ತಿ ಖರ್ಚು ವಾಪಸ್. ಎಚ್‌ಸಿ3 ಬಂದರೆ ವಾರಕ್ಕೆ ಇಷ್ಟು ನೀನು ಹಾಕು, ಉಳಿದದ್ದು ನಾವು ಅಂತ. ನನಗೆ ಎಚ್‌ಸಿ3 ಬಂತು, ನನ್ನ ಪಾಲು ನಾಲ್ಕು ಪೌಂಡ್ ಚಿಲ್ಲರೆ. ಡಿಸೆಂಬರಿನ ಟಿಕೆಟ್‌ಗಳಿಗೆ ಎಚ್‌ಸಿ1 ಜೊತೆಗೇ ಎಚ್‌ಸಿ5(ಟಿ) ಕೂಡ ಕಳಿಸಿದ್ದೆ, ಹಾಗಾಗಿ ಅದರಲ್ಲೂ ಹದಿಮೂರು ಪೌಂಡಿನಷ್ಟು ಬಂತು. ಅರ್ಜಿ ಮಾತ್ರ ಉದ್ದ. ಒಂದು ಭಾನುವಾರ ಪೂರ್ತಿ ಹೋಯಿತು, ಮಧ್ಯೆ ಅನ್ನ ತಳ ಹಿಡಿಯಿತು.

ಇದನ್ನು ಇಲ್ಲಿಗೆ ಓದಲು ಬಂದಿರುವ ನಮ್ಮ ಹುಡುಗ ಹುಡುಗಿಯರಿಗೆ ಸ್ವಲ್ಪ ಜೋರಾಗೇ ಹೇಳಬೇಕು. ವೀಸಾದಲ್ಲಿ "ಪಬ್ಲಿಕ್ ಫಂಡ್ಸ್ ಇಲ್ಲ" ಅಂತ ಬರೆದಿದ್ದರೆ ಯೂನಿವರ್ಸಲ್ ಕ್ರೆಡಿಟ್ ನಿಮಗಿಲ್ಲ, ಸರಿ. ಆದರೆ ಈ ಎಚ್‌ಸಿ1 ಆ ಪಬ್ಲಿಕ್ ಫಂಡ್ಸ್ ಪಟ್ಟಿಯಲ್ಲಿ ಸೇರಿಲ್ಲ. ನೀವೂ ಅರ್ಜಿ ಹಾಕಬಹುದು. ಸ್ಟೂಡೆಂಟ್ ವೀಸಾಕ್ಕೆ ವರ್ಷಕ್ಕೆ 776 ಪೌಂಡ್ ಆರೋಗ್ಯ ಸರ್‌ಚಾರ್ಜ್ ಕಟ್ಟಿ ಬಂದಿರುತ್ತೀರಿ, ಆಮೇಲೆ ಕೆಮ್ಮಿಗೆ ಬೆಂಗಳೂರಿನಿಂದ ಮಾತ್ರೆ ತರಿಸುತ್ತೀರಿ. ಎಚ್‌ಸಿ2 ಇದ್ದರೆ ಪ್ರಯಾಣ ಮಾತ್ರ ಅಲ್ಲ, ಔಷಧಿ ಚೀಟಿಯ 9.90 ಪೌಂಡೂ ಇಲ್ಲ, ಎನ್‌ಎಚ್‌ಎಸ್ ಹಲ್ಲಿನ ಡಾಕ್ಟರ್ ಖರ್ಚೂ ಇಲ್ಲ, ಕಣ್ಣಿನ ಪರೀಕ್ಷೆಯೂ ಫ್ರೀ. ನಮ್ಮ ಅಡುಗೆಮನೆಗೆ ಪಾರ್ಟ್‌ಟೈಮ್ ಬರುವ ದಾವಣಗೆರೆ ಹುಡುಗನೊಬ್ಬನಿಗೆ ಹೇಳಿದೆ. "ಆಂಟಿ, ಇದ್ರಿಂದ ವೀಸಾಗೆ ತೊಂದ್ರೆ ಆಗಲ್ವಾ?" ಅಂತ ಮೂರು ಸಲ ಕೇಳಿದ. ಇಲ್ಲ ಕಣಪ್ಪಾ.

ಏನಕ್ಕೆ ಕೊಡಲ್ಲ ಅನ್ನೋದೂ ತಿಳಿದಿರಲಿ. ಜಿಪಿ ಹತ್ತಿರ ಹೋದದ್ದಕ್ಕೆ ಇಲ್ಲ. ಜಿಪಿಯೋ ಹಲ್ಲಿನ ಡಾಕ್ಟರೋ ಕಣ್ಣಿನವರೋ ಬರೆದುಕೊಟ್ಟು, ಅದಕ್ಕಾಗಿ ಬೇರೆಯಾಗಿ ಆಸ್ಪತ್ರೆಗೆ ಹೋಗಿರಬೇಕು. ವಾರ್ಡಿನಲ್ಲಿ ಮಲಗಿದವರನ್ನು ನೋಡಲು ಹೋದದ್ದಕ್ಕೂ ಇಲ್ಲ. ದೊಡ್ಡವರ ಜೊತೆ ಹೋಗುವವರಿಗೆ ಬೇಕಾದರೆ, ಜೊತೆಗೆ ಒಬ್ಬರು ಇರಲೇಬೇಕು ಅಂತ ಆಸ್ಪತ್ರೆಯವರು ಹೇಳಬೇಕು. ಮಗು ಆದ್ದರಿಂದ ನನಗೆ ಆ ತಕರಾರು ಇರಲಿಲ್ಲ. ಕಾರಿನವರಿಗೆ ಪೆಟ್ರೋಲ್ ಲೆಕ್ಕ ಮೈಲಿಗೆ ಇಷ್ಟು ಅಂತ ಕೊಡುತ್ತಾರೆ. ಯಾವುದರಲ್ಲಿ ಹೋದರೂ, ನಿಮ್ಮ ವಯಸ್ಸು, ಕಾಯಿಲೆ ನೋಡಿಕೊಂಡು, ಅತಿ ಕಡಿಮೆ ಖರ್ಚಿನ ದಾರಿಯ ಲೆಕ್ಕವೇ. ಕೆಲಸಕ್ಕೆ ರಜೆ ಹಾಕಿ ಹೋದ ಸಂಬಳವನ್ನಂತೂ ಯಾರೂ ಕೇಳಲ್ಲ. ಅದು 18 ಪೌಂಡಿಗಿಂತ ದೊಡ್ಡದು.

ನಕ್ಷೆಯಲ್ಲಿ ಇಂಗ್ಲೆಂಡಿನ ಕಾಲ್ಬೆರಳಿನ ತುದಿಗೆ ಸಿಲ್ಲಿ ದ್ವೀಪಗಳು ಅಂತ ಇವೆ. ಅಲ್ಲಿಯವರು ಆಸ್ಪತ್ರೆಗೆ ಅಂತ ಸಮುದ್ರ ದಾಟಿ ಬರಬೇಕು. ಅವರಿಗೆ ಆದಾಯ ಎಷ್ಟೇ ಇರಲಿ, ಕೈಯಿಂದ ಹೆಚ್ಚೆಂದರೆ 5 ಪೌಂಡ್ ಅಷ್ಟೆ. ಇದನ್ನು ಓದಿದ ದಿನ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಈಗ ಟ್ಯಾಕ್ಸಿ ವಿಷಯ. ಇದು ನನ್ನದೇ ತಪ್ಪು, ಅರ್ಧ. ಆಪರೇಷನ್ ಜನವರಿಯಲ್ಲಿ, ಬೆಳಗ್ಗೆ ಏಳೂಕಾಲಿಗೆ ಬನ್ನಿ ಅಂದರು. ನಮ್ಮೂರಿನ ಮೊದಲ ಬಸ್ ಹಿಡಿದರೆ ಎಂಟಾಗುತ್ತದೆ. ಹಿಂದಿನ ರಾತ್ರಿ ಟ್ಯಾಕ್ಸಿಗೆ ಹೇಳಿದೆ, 46 ಪೌಂಡ್. ಬೇರೆ ದಾರಿಯೇ ಇಲ್ಲ ಅಂದಮೇಲೆ ಕೊಡದೆ ಇರ್ತಾರಾ ಅಂದುಕೊಂಡೆ. ಕೊಡಲಿಲ್ಲ. ಟ್ಯಾಕ್ಸಿ ಆದರೆ ಮುಂಚೆಯೇ ಆಸ್ಪತ್ರೆಗೆ ಫೋನ್ ಮಾಡಿ ಒಪ್ಪಿಗೆ ತೆಗೆದುಕೊಳ್ಳಬೇಕು, ಅದು ನಿಯಮ. ಒಪ್ಪಿಗೆ ಇಲ್ಲ, ದುಡ್ಡಿಲ್ಲ. ಇನ್ನರ್ಧ ತಪ್ಪು ಯಾರದು ಅಂದರೆ, ಊಟ ಎಷ್ಟು ಗಂಟೆಗೆ ನಿಲ್ಲಿಸಬೇಕು, ಉಗುರುಬಣ್ಣ ಹಚ್ಚಬಾರದು, ಯಾವ ಗೊಂಬೆ ತರಬಹುದು ಅಂತೆಲ್ಲ ಬರೆದ ಪತ್ರದಲ್ಲಿ ಈ ಒಂದು ಸಾಲು ಬರೆಯದವರದು. ವಾಪಸ್ ಬರುವಾಗ ಪಕ್ಕದ ಬೀದಿಯ ಕೇರಳದ ನರ್ಸ್ ಒಬ್ಬರು ಡ್ಯೂಟಿ ಮುಗಿಸಿ ತಮ್ಮ ಕಾರಿನಲ್ಲಿ ಕರೆತಂದರು. ಪೆಟ್ರೋಲಿಗೆ ಕಾಸು ಕೊಡಲು ಹೋದರೆ ಕೈ ತಳ್ಳಿದರು. ಮರುದಿನ ಚಿತ್ರಾನ್ನ ಕಳಿಸಿದೆ.

ಮುಂಗಡವಾಗಿ ಕೊಡುವ ದಾರಿಯೂ ಕೆಲವು ಸಂದರ್ಭಗಳಲ್ಲಿ ಇದೆ, ಆಸ್ಪತ್ರೆಗೆ ಮೊದಲೇ ಹೇಳಿಕೊಳ್ಳಬೇಕು. ನನಗೆ ಅದು ಗೊತ್ತಾದದ್ದೂ ಟ್ಯಾಕ್ಸಿ ಆದ ಮೇಲೆ. ಈ ಯೋಜನೆಯಲ್ಲಿ ನನಗೆ ಹಿಡಿಸದ ಮುಖ್ಯ ವಿಷಯ ಇದೇ. ಮೊದಲು ನೀನು ಹಾಕು, ಆಮೇಲೆ ನಾವು ಕೊಡ್ತೀವಿ. ಹಾಕೋಕೆ ಇಲ್ಲದವರು ಅಪಾಯಿಂಟ್‌ಮೆಂಟ್ ತಪ್ಪಿಸಿಕೊಳ್ಳುತ್ತಾರೆ ಅಷ್ಟೆ. ನಮ್ಮ ದೊಡ್ಡಮ್ಮ ಅರಸೀಕೆರೆಯಿಂದ ಬೆಂಗಳೂರಿನ ಕಿದ್ವಾಯಿಗೆ ರೈಲಿನಲ್ಲಿ ಹೋಗಿ ಬರುತ್ತಿದ್ದರು. ಕ್ಯಾನ್ಸರ್ ರೋಗಿಗಳಿಗೆ ನಮ್ಮ ರೈಲ್ವೆಯವರು ಸ್ಲೀಪರ್, ತ್ರೀ ಟಯರ್ ಎಸಿಯಲ್ಲಿ ಟಿಕೆಟ್ ದುಡ್ಡು ತೆಗೆದುಕೊಳ್ಳುವುದಿಲ್ಲ, ಜೊತೆಯವರಿಗೆ ಮುಕ್ಕಾಲು ಪಾಲು ಕಡಿಮೆ. ಆಸ್ಪತ್ರೆಯಿಂದ ಫಾರಂ ತಂದು ಕೌಂಟರಿನಲ್ಲಿ ಕೊಡಬೇಕು. ಕ್ಯೂ ಇತ್ತು, ಗಲಾಟೆ ಇತ್ತು, ಸೀಲು ಸರಿಯಾಗಿ ಬಿದ್ದಿಲ್ಲ ಅಂತ ಒಂದು ಸಲ ವಾಪಸ್ ಕಳಿಸಿದ್ದರು. ಆದರೂ ಟಿಕೆಟ್ ತೆಗೆಯುವಾಗಲೇ ದುಡ್ಡು ಉಳಿಯುತ್ತಿತ್ತು. ದೊಡ್ಡಮ್ಮ ಯಾರ ಹತ್ತಿರವೂ ಸಾಲ ಕೇಳಿ ರೈಲು ಹತ್ತಲಿಲ್ಲ. ಇಲ್ಲಿ ಕ್ಯೂ ಇಲ್ಲ, ಗಲಾಟೆ ಇಲ್ಲ, "ಮೀ ಡಕ್" ಬೇರೆ. ಆದರೆ ತಿಂಗಳ ಕೊನೆಯಲ್ಲಿ ಅಪಾಯಿಂಟ್‌ಮೆಂಟ್ ಬಂದರೆ ಆ 18 ಪೌಂಡ್ ಹುಡುಕೋದು ನನ್ನ ಪಾಡು.

ಅಂಕ ಹಾಕಲೇಬೇಕು ಅಂದರೆ ಐದಕ್ಕೆ ಮೂರೂವರೆ. ಕೊಡುವ ದುಡ್ಡಿಗೆ ನಾಲ್ಕೂವರೆ, ಇದೆ ಅಂತ ಹೇಳುವುದರಲ್ಲಿ ಒಂದು. ಕಿಟಕಿಯ ಅಮ್ಮನಿಗೆ ಬೇಕಾದರೆ ಹತ್ತು ಕೊಡುತ್ತೇನೆ. ಅವರು ಇರದಿದ್ದರೆ ನನಗೆ ಸಿಕ್ಕಿದ ಅರ್ಧವೂ ಸಿಗುತ್ತಿರಲಿಲ್ಲ. ಒಬ್ಬರು ಒಳ್ಳೆಯವರಿದ್ದಾರೆ ಅಂತ ನಡೆಯುವ ಯೋಜನೆಗೆ ಎಷ್ಟು ಅಂಕ ಕೊಡೋದು ಹೇಳಿ.

ಮಗನಿಗೆ ಈಗ ಚೆನ್ನಾಗಿ ಕೇಳುತ್ತದೆ. ಜಾಸ್ತಿಯೇ ಕೇಳುತ್ತದೆ, ನಾನು ಫೋನಿನಲ್ಲಿ ಊರಿನವರ ಜೊತೆ ಆಡುವ ಮಾತೆಲ್ಲ. ಮೊನ್ನೆ ಅಪ್ಪನಿಗೆ ವರ್ಷದ ಲೆಕ್ಕ ಒಪ್ಪಿಸುತ್ತಿದ್ದೆ: ಮಾರ್ಚಿನದು ಬಂತು, ಜೂನಿನದು ಬಂತು, ಸೆಪ್ಟೆಂಬರ್ ಬಂತು, ಡಿಸೆಂಬರಿನದು ನಾಲ್ಕು ಪೌಂಡ್ ಚಿಲ್ಲರೆ ಕಳೆದು ಬಂತು. ಅಪ್ಪ ವೇಬಿಲ್ ನೋಡುವ ಹಾಗೆ ಹ್ಞೂಂ, ಹ್ಞೂಂ ಅನ್ನುತ್ತಾ ಕೇಳಿದರು. "ಜನವರೀದು?" ಅಂದರು. ನಾನು ಸುಮ್ಮನಾದೆ. ಪಕ್ಕದ ರೂಮಿನಿಂದ ಇವನು ಕೂಗಿದ: "ಟ್ಯಾಕ್ಸಿದು ಕೊಡ್ಲಿಲ್ಲ ತಾತಾ!"